ಕ್ಷಮೆ ಬೇರೆ, ಪರಿಹಾರ ಬೇರೆ: ರಸ್ತೆ ಅಪಘಾತದಲ್ಲಿ ನೊಂದ ಪ್ರಯಾಣಿಕರು, ಪಾದಚಾರಿಗಳು ತಿಳಿದಿರಬೇಕಾದ ಕಾನೂನು

ಹಾವೇರಿ ಜಿಲ್ಲೆಯ ಹಾನಗಲ್, ಶಿಗ್ಗಾಂವಿ, ಸವಣೂರು ಮತ್ತು ಹಿರೇಕೆರೂರು ತಾಲ್ಲೂಕುಗಳ ಜನರಿಗೆ ದಿನನಿತ್ಯದ ಪ್ರಯಾಣ ತಪ್ಪಿದ್ದಲ್ಲ. ಮಾಲು ಮಾರಲು ಸಂತೆಗೆ, ದೊಡ್ಡ ಕಾಯಿಲೆಗೆ ಹುಬ್ಬಳ್ಳಿಗೆ, ಕಚೇರಿ ಕೆಲಸಕ್ಕೆ ಹಾವೇರಿಗೆ ಹೋಗಲೇಬೇಕು. ಶಿಗ್ಗಾಂವಿ, ಬಂಕಾಪುರಗಳ ಪಕ್ಕದಲ್ಲೇ ರಾಷ್ಟ್ರೀಯ ಹೆದ್ದಾರಿ 48 ಹಾದುಹೋಗಿದೆ. ಗಂಗ ದೊರೆ ಇಮ್ಮಡಿ ಮಾರಸಿಂಹನು ಅಜಿತಸೇನಾಚಾರ್ಯರ ಸನ್ನಿಧಿಯಲ್ಲಿ ಸಲ್ಲೇಖನ ವ್ರತ ಕೈಗೊಂಡ ಬಂಕಾಪುರ ಜೈನರಿಗೆ ಹೊಸ ಹೆಸರಲ್ಲ. ಶ್ರವಣಬೆಳಗೊಳ, ಹೊಂಬುಜ ಮೊದಲಾದ ಕ್ಷೇತ್ರಗಳಿಗೆ ಯಾತ್ರೆ ಹೊರಡುವ ಉತ್ತರ ಕರ್ನಾಟಕದ ಕುಟುಂಬಗಳಲ್ಲಿ ಹಲವು ಇದೇ ಹೆದ್ದಾರಿ ಹಿಡಿಯುತ್ತವೆ.

ಈ ಭಾಗದ ಜನ ಮರೆಯಲಾಗದ ಎರಡು ಅಪಘಾತಗಳು ಇತ್ತೀಚಿನವು. 2024ರ ಜೂನ್ 28ರಂದು ಬ್ಯಾಡಗಿ ತಾಲ್ಲೂಕಿನ ಗುಂಡೇನಹಳ್ಳಿ ಕ್ರಾಸ್ ಬಳಿ ಹೆದ್ದಾರಿಯಲ್ಲಿ ನಿಂತಿದ್ದ ಲಾರಿಗೆ ಟೆಂಪೊ ಟ್ರಾವೆಲರ್ ಡಿಕ್ಕಿ ಹೊಡೆದು 13 ಮಂದಿ ತೀರಿಕೊಂಡರು. ಅವರು ದೇವರ ದರ್ಶನ ಮುಗಿಸಿ ಭದ್ರಾವತಿ ತಾಲ್ಲೂಕಿನ ಎಮ್ಮೆಹಟ್ಟಿಗೆ ಮರಳುತ್ತಿದ್ದ ಯಾತ್ರಿಕರು. 2025ರ ಜನವರಿ 22ರ ನಸುಕಿನಲ್ಲಿ ಯಲ್ಲಾಪುರ ತಾಲ್ಲೂಕಿನ ಗುಳ್ಳಾಪುರದ ಬಳಿ ತರಕಾರಿ ತುಂಬಿದ ಲಾರಿ ಕಂದಕಕ್ಕೆ ಉರುಳಿ 10 ಮಂದಿ ಮೃತಪಟ್ಟರು. ಅವರು ಸವಣೂರಿನಿಂದ ಕುಮಟಾ ಸಂತೆಗೆ ಹೊರಟಿದ್ದ ಹಣ್ಣು, ತರಕಾರಿ ವ್ಯಾಪಾರಿಗಳು.

ಎರಡೂ ಘಟನೆಗಳಲ್ಲಿ ಸತ್ತವರು, ಗಾಯಗೊಂಡವರು ಬಹುತೇಕ ಪ್ರಯಾಣಿಕರು. ಆದರೆ ಕಾನೂನಿನ ಕಣ್ಣಿಗೆ ಟೆಂಪೊ ಟ್ರಾವೆಲರ್‌ನ ಸೀಟಿನಲ್ಲಿ ಕುಳಿತವರೂ ಲಾರಿಯಲ್ಲಿ ಮಾಲಿನ ಜೊತೆ ಹೊರಟವರೂ ಒಂದೇ ಅಲ್ಲ. ಯಾವ ವಾಹನ, ಅದರಲ್ಲಿ ಯಾವ ಜಾಗ, ಆ ವಾಹನಕ್ಕೆ ಯಾವ ವಿಮೆ ಎಂಬುದರ ಮೇಲೆ ಪರಿಹಾರ ಯಾರಿಂದ ಬರುತ್ತದೆ, ಎಷ್ಟು ಸುಲಭವಾಗಿ ಬರುತ್ತದೆ ಎಂಬುದು ನಿಂತಿದೆ. ಇದನ್ನು ಮನೆಯವರು ತಿಳಿಯುವುದು ಸಾಮಾನ್ಯವಾಗಿ ಅಪಘಾತವಾದ ಮೇಲೆ. ಅಷ್ಟರಲ್ಲಿ ಕೆಲವು ಕಾಗದಗಳು ಕಳೆದಿರುತ್ತವೆ, ಕೆಲವು ತಿಂಗಳುಗಳು ಜಾರಿರುತ್ತವೆ.

ಕೋರ್ಟು ಬೇಡ ಎನ್ನುವ ಮನಸ್ಸು

ಜೈನ ಮನೆಗಳಲ್ಲಿ ಇನ್ನೊಂದು ಅಡ್ಡಿಯೂ ಉಂಟು. ‘ಹೋದ ಜೀವ ಹಣದಿಂದ ಬರುವುದಿಲ್ಲ, ಕರ್ಮದ ಉದಯ, ಆ ಡ್ರೈವರನೂ ಬಡವ, ಕ್ಷಮಿಸಿಬಿಡೋಣ’ ಎಂದು ಹಿರಿಯರು ಹೇಳುತ್ತಾರೆ. ಕ್ಷಮೆ ದೊಡ್ಡ ಧರ್ಮ, ಅದನ್ನು ಯಾರೂ ತಡೆಯುವುದಿಲ್ಲ. ಆದರೆ ಪರಿಹಾರದ ಅರ್ಜಿ ಚಾಲಕನ ಮೇಲಿನ ಸೇಡಲ್ಲ.

ಒಂದು ಅಪಘಾತದಿಂದ ಎರಡು ಬೇರೆ ಬೇರೆ ಪ್ರಕರಣಗಳು ಹುಟ್ಟುತ್ತವೆ. ಮೊದಲನೆಯದು, ಅಜಾಗರೂಕತೆಯಿಂದ ವಾಹನ ಓಡಿಸಿದ್ದಕ್ಕೆ ಸರ್ಕಾರ ಚಾಲಕನ ಮೇಲೆ ಹೂಡುವ ಕ್ರಿಮಿನಲ್ ಪ್ರಕರಣ. ಎರಡನೆಯದು, ಮೋಟಾರು ವಾಹನ ಕಾಯ್ದೆ 1988ರ ಅಡಿಯಲ್ಲಿ ನೊಂದವರು ಹಾಕುವ ಪರಿಹಾರದ ಅರ್ಜಿ. ಇದನ್ನು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ, ಅಂದರೆ ವಕೀಲರು ಎಂಎಸಿಟಿ ಎಂದು ಕರೆಯುವ ನ್ಯಾಯಾಲಯ, ವಿಚಾರಿಸುತ್ತದೆ. ಇಲ್ಲಿ ಚಾಲಕನನ್ನು ಜೈಲಿಗೆ ಕಳಿಸುವ ಮಾತಿಲ್ಲ. ವಾಹನಕ್ಕೆ ಸರಿಯಾದ ವಿಮೆ ಇದ್ದರೆ ಹಣ ಕೊಡುವುದು ವಿಮಾ ಕಂಪನಿ. ವಾಹನ ಮಾಲೀಕರು ವರ್ಷ ವರ್ಷ ಪ್ರೀಮಿಯಂ ಕಟ್ಟಿರುವುದೇ ಇಂಥ ದಿನಕ್ಕಾಗಿ. ಚಾಲಕನನ್ನು ಮನಸಾರೆ ಕ್ಷಮಿಸಿದ ಕುಟುಂಬವೂ ಈ ಅರ್ಜಿ ಹಾಕಬಹುದು. ಕ್ರಿಮಿನಲ್ ಪ್ರಕರಣದಲ್ಲಿ ಚಾಲಕ ಖುಲಾಸೆಯಾದರೂ ಪರಿಹಾರದ ಅರ್ಜಿ ತಾನಾಗಿ ಬಿದ್ದುಹೋಗುವುದಿಲ್ಲ.

ಮನೆ ನಡೆಸುತ್ತಿದ್ದವರು ಹೋದಾಗ ಮಕ್ಕಳ ಓದು, ತಾಯಿಯ ಔಷಧ, ಅಂಗಡಿಯ ಸಾಲ ಯಾವುದೂ ನಿಲ್ಲುವುದಿಲ್ಲ. ಹಕ್ಕಿನ ಹಣ ಬಿಟ್ಟುಕೊಟ್ಟರೆ ಆ ಭಾರ ಹೊರುವವರು ಬಹಳ ಸಲ ವಿಧವೆ ಮತ್ತು ಚಿಕ್ಕ ಮಕ್ಕಳೇ.

ಮೊದಲ ದಿನಗಳು, ಮೊದಲ ಕಾಗದಗಳು

ಗಾಯಾಳುವನ್ನು ಆಸ್ಪತ್ರೆಗೆ ಸೇರಿಸುವುದು ಮೊದಲ ಕೆಲಸ. ಅಪಘಾತದಲ್ಲಿ ಗಾಯಗೊಂಡವರಿಗೆ ನಿಗದಿತ ಆಸ್ಪತ್ರೆಗಳಲ್ಲಿ 7 ದಿನಗಳವರೆಗೆ, 1.5 ಲಕ್ಷ ರೂಪಾಯಿವರೆಗೆ ನಗದುರಹಿತ ಚಿಕಿತ್ಸೆ ಕೊಡುವ ಕೇಂದ್ರ ಸರ್ಕಾರದ ಯೋಜನೆ 2025ರ ಮೇ 5ರಿಂದ ಜಾರಿಯಲ್ಲಿದೆ. ಆಸ್ಪತ್ರೆಗೆ ಸೇರಿಸುವಾಗಲೇ ಈ ಬಗ್ಗೆ ಕೇಳಬೇಕು. ಗಾಯಾಳುವನ್ನು ಕರೆತಂದ ದಾರಿಹೋಕರನ್ನು ಪೊಲೀಸರಾಗಲಿ ಆಸ್ಪತ್ರೆಯವರಾಗಲಿ ಸತಾಯಿಸಬಾರದು ಎಂದೂ ಕಾಯ್ದೆಯಲ್ಲಿದೆ.

ಆಸ್ಪತ್ರೆಯಲ್ಲಿ ‘ರಸ್ತೆ ಅಪಘಾತ’ ಎಂದೇ ಬರೆಸಬೇಕು. ಪೊಲೀಸರ ಗೊಡವೆ ಬೇಡವೆಂದು ‘ಮನೆಯಲ್ಲಿ ಜಾರಿ ಬಿದ್ದರು’ ಎಂದು ಬರೆಸಿದರೆ ಮುಂದೆ ವಿಮಾ ಕಂಪನಿ ಅದನ್ನೇ ಎತ್ತಿ ತೋರಿಸುತ್ತದೆ. ಹಾವೇರಿ ಜಿಲ್ಲಾ ಆಸ್ಪತ್ರೆಯಿಂದ ಹುಬ್ಬಳ್ಳಿಗೆ ಕಳಿಸಿದರೆ ಎರಡೂ ಕಡೆಯ ದಾಖಲೆ ಬೇಕಾಗುತ್ತದೆ.

ಪೊಲೀಸ್ ದೂರನ್ನು ಅಂದೇ ಅಥವಾ ಮರುದಿನ ಕೊಡುವುದು ಒಳ್ಳೆಯದು. ಗಾಯಾಳುವಿನ ಶುಶ್ರೂಷೆಯಲ್ಲಿದ್ದು ತಡವಾಗಿದ್ದರೆ ಆ ಕಾರಣವನ್ನು ದೂರಿನಲ್ಲೇ ಬರೆಯಬೇಕು. ವಾಹನದ ಸಂಖ್ಯೆ, ಸ್ಥಳ, ಸಮಯ, ಕಣ್ಣಾರೆ ಕಂಡವರ ಹೆಸರು ಸರಿಯಾಗಿರಲಿ. ಬಳಿಕ ಇಟ್ಟುಕೊಳ್ಳಬೇಕಾದ ಕಾಗದಗಳು ಇವು: ಎಫ್‌ಐಆರ್ ಮತ್ತು ದೂರಿನ ಪ್ರತಿ, ಸ್ಥಳ ಪಂಚನಾಮೆ ಮತ್ತು ನಕ್ಷೆ, ವಾಹನ ತಪಾಸಣಾ ವರದಿ, ಗಾಯದ ಪ್ರಮಾಣಪತ್ರ ಅಥವಾ ಮರಣೋತ್ತರ ಪರೀಕ್ಷೆಯ ವರದಿ, ದೋಷಾರೋಪ ಪಟ್ಟಿ, ಡಿಸ್ಚಾರ್ಜ್ ಸಮ್ಮರಿ, ಎಕ್ಸ್‌ರೇ, ಔಷಧದ ಪ್ರತಿ ಬಿಲ್ಲು, ಆಂಬ್ಯುಲೆನ್ಸ್ ಮತ್ತು ಓಡಾಟದ ಖರ್ಚಿನ ರಸೀದಿ. ಬಸ್ಸಿನಲ್ಲಿದ್ದರೆ ಟಿಕೆಟ್ ಕೂಡ.

ಆದಾಯದ ಸಾಕ್ಷಿ ಬೇರೆ. ಸಂಬಳದ ಚೀಟಿ, ಆದಾಯ ತೆರಿಗೆ ರಿಟರ್ನ್, ಜಿಎಸ್‌ಟಿ ಕಾಗದ, ಅಂಗಡಿಯ ಲೈಸೆನ್ಸ್, ಬ್ಯಾಂಕ್ ಪಾಸ್‌ಬುಕ್, ಹೊಲದ ಪಹಣಿ, ಎಪಿಎಂಸಿಯಲ್ಲಿ ಮಾಲು ಮಾರಿದ ಪಟ್ಟಿ ಎಲ್ಲವೂ ಉಪಯೋಗಕ್ಕೆ ಬರುತ್ತವೆ. ವಯಸ್ಸಿಗೆ ಶಾಲೆಯ ದಾಖಲೆ ಅಥವಾ ಆಧಾರ್, ಅವಲಂಬಿತರಿಗೆ ವಂಶವೃಕ್ಷ ಮತ್ತು ರೇಷನ್ ಕಾರ್ಡು ಬೇಕು. ನಗದಿನಲ್ಲೇ ವ್ಯವಹಾರ ಮಾಡಿ ಕಾಗದವೇ ಇಟ್ಟಿಲ್ಲದ ವ್ಯಾಪಾರಿಯ ನಿಜವಾದ ದುಡಿಮೆ ಎಷ್ಟೇ ಇದ್ದರೂ ನ್ಯಾಯಾಲಯ ಅಂದಾಜು ಆದಾಯವನ್ನೇ ಹಿಡಿಯುತ್ತದೆ. ಕರ್ನಾಟಕದಲ್ಲಿ ಹೀಗೆ ಹಿಡಿಯಲು ಲೋಕ ಅದಾಲತ್ತಿಗಾಗಿ ಮಾಡಿದ ವರ್ಷವಾರು ಪಟ್ಟಿಯನ್ನು ನ್ಯಾಯಾಲಯಗಳು ಸಾಮಾನ್ಯವಾಗಿ ನೋಡುತ್ತವೆ. ಚೆನ್ನಾಗಿ ಗಳಿಸುತ್ತಿದ್ದವರ ಮನೆಗೆ ಅದರಿಂದ ನಷ್ಟವೇ.

ಯಾವ ವಾಹನದಲ್ಲಿದ್ದರು?

ಸಾರಿಗೆ ಬಸ್ಸಿನ ಪ್ರಯಾಣಿಕರು: ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ನಿಗಮದ ಬಸ್ಸಿನ ಚಾಲಕನ ತಪ್ಪಿನಿಂದ ಗಾಯವಾದರೆ ಮಾಲೀಕನಾದ ನಿಗಮವೇ ಹೊಣೆ. ಎದುರಿನ ವಾಹನದ ತಪ್ಪಾದರೆ ಆ ವಾಹನದ ಮಾಲೀಕ ಮತ್ತು ವಿಮಾ ಕಂಪನಿ ಹೊಣೆ.

ಟೆಂಪೊ ಟ್ರಾವೆಲರ್, ಟ್ಯಾಕ್ಸಿ, ಖಾಸಗಿ ಬಸ್ಸು: ಬಾಡಿಗೆಗೆ ಓಡುವ ಪ್ರಯಾಣಿಕ ವಾಹನಗಳ ಕಡ್ಡಾಯ ವಿಮೆಯಲ್ಲಿ ಪ್ರಯಾಣಿಕರೂ ಸೇರಿದ್ದಾರೆ. ಯಾತ್ರೆಗೆ ವಾಹನ ಗೊತ್ತು ಮಾಡುವಾಗ ಹಳದಿ ಬೋರ್ಡು, ಪರ್ಮಿಟ್, ವಿಮೆಯ ಕೊನೆಯ ದಿನಾಂಕ ಮತ್ತು ಸೀಟುಗಳ ಸಂಖ್ಯೆ ನೋಡಿಕೊಳ್ಳಬೇಕು. ಬಿಳಿ ಬೋರ್ಡಿನ ಖಾಸಗಿ ವಾಹನಕ್ಕೆ ಬಾಡಿಗೆ ಕೊಟ್ಟು ಹೋದರೆ, ಪಾಲಿಸಿಯ ಷರತ್ತು ಮುರಿದಿದೆ ಎಂದು ಹೇಳಲು ವಿಮಾ ಕಂಪನಿಗೆ ದಾರಿ ಸಿಗುತ್ತದೆ. ಕೆಲವು ಸಾವಿರ ರೂಪಾಯಿ ಉಳಿಸಲು ಹೋಗಿ ಇಡೀ ತಂಡದ ರಕ್ಷಣೆ ಕಳೆದುಕೊಂಡಂತೆ.

ಎರಡು ವಾಹನಗಳ ಡಿಕ್ಕಿ: ಗುಂಡೇನಹಳ್ಳಿ ಕ್ರಾಸಿನಂಥ ಘಟನೆಗಳಲ್ಲಿ ತಪ್ಪು ಹೆದ್ದಾರಿಯಲ್ಲಿ ನಿಲ್ಲಿಸಿದ ಲಾರಿಯದೋ, ಹಿಂದಿನಿಂದ ಬಂದ ವಾಹನದ್ದೋ ಎಂಬ ವಾದ ಏಳುತ್ತದೆ. ಒಳಗೆ ಕುಳಿತ ಪ್ರಯಾಣಿಕರ ಮೇಲೆ ಆ ತಪ್ಪು ಬರುವುದಿಲ್ಲ. ಎರಡೂ ವಾಹನಗಳದ್ದು ತಪ್ಪಿದ್ದರೆ ಪ್ರಯಾಣಿಕರು ಇಬ್ಬರ ಮೇಲೂ ಅಥವಾ ಯಾರಾದರೂ ಒಬ್ಬರ ಮೇಲೆ ಪೂರ್ತಿ ಪರಿಹಾರ ಕೇಳಬಹುದು, ಒಳಗಿನ ಪಾಲು ಅವರವರೇ ನೋಡಿಕೊಳ್ಳಲಿ ಎಂದು ಸುಪ್ರೀಂ ಕೋರ್ಟು 2015ರಲ್ಲಿ ಹೇಳಿದೆ. ಆದರೂ ಎರಡೂ ವಾಹನಗಳ ಮಾಲೀಕರನ್ನು, ವಿಮಾ ಕಂಪನಿಗಳನ್ನು ಎದುರುದಾರರನ್ನಾಗಿ ಸೇರಿಸುವುದೇ ಜಾಣತನ.

ಸ್ವಂತ ಕಾರು, ನೆಂಟರ ಕಾರು, ಬೈಕಿನ ಹಿಂದಿನ ಸೀಟು: ಹೆಚ್ಚಿನವರು ಎಡವುವುದು ಇಲ್ಲೇ. ಬರೀ ‘ಥರ್ಡ್ ಪಾರ್ಟಿ’ ಪಾಲಿಸಿ ಇದ್ದರೆ, ಆ ಕಾರಿನ ಚಾಲಕನ ತಪ್ಪಿನಿಂದ ಅದರೊಳಗಿದ್ದವರಿಗೆ, ಬೈಕಿನ ಹಿಂದೆ ಕುಳಿತವರಿಗೆ ಆದ ಹಾನಿಯನ್ನು ವಿಮಾ ಕಂಪನಿ ತುಂಬಿಕೊಡಬೇಕಾಗಿಲ್ಲ ಎಂಬ ವಾದ ಬರುತ್ತದೆ. ಜನ ‘ಫುಲ್ ಇನ್ಶೂರೆನ್ಸ್’ ಎನ್ನುವ ಪ್ಯಾಕೇಜ್ ಪಾಲಿಸಿ ಇದ್ದರೆ ಅವರೂ ರಕ್ಷಣೆಯೊಳಗೆ ಬರುತ್ತಾರೆ. ವಿಮಾ ನಿಯಂತ್ರಣ ಪ್ರಾಧಿಕಾರವು 2009ರಲ್ಲೇ ಕಂಪನಿಗಳಿಗೆ ಇದನ್ನು ಸ್ಪಷ್ಟಪಡಿಸಿದೆ. ತಾನೇ ವಾಹನ ಓಡಿಸುತ್ತಿದ್ದು ತನ್ನದೇ ತಪ್ಪಿನಿಂದ ಸತ್ತ ಮಾಲೀಕನ ಮನೆಯವರಿಗೆ ಥರ್ಡ್ ಪಾರ್ಟಿ ಪರಿಹಾರ ಸಿಗದು. ಅದಕ್ಕೆ 15 ಲಕ್ಷ ರೂಪಾಯಿಯ ಕಡ್ಡಾಯ ವೈಯಕ್ತಿಕ ಅಪಘಾತ ವಿಮೆ ಇದೆ. ವಿಮೆ ನವೀಕರಿಸುವಾಗ ಅದು ಸೇರಿದೆಯೇ ಎಂದು ನೋಡಬೇಕು.

ಲಾರಿ, ಪಿಕಪ್, ಟ್ರ್ಯಾಕ್ಟರ್: ಸರಕು ವಾಹನದಲ್ಲಿ ‘ಹಾಗೇ ಹತ್ತಿಕೊಂಡ’ ಜನರಿಗೆ ಕಡ್ಡಾಯ ವಿಮೆಯ ರಕ್ಷಣೆ ಇಲ್ಲ. ಮಾಲಿನ ಒಡೆಯ ಅಥವಾ ಅವನ ಪ್ರತಿನಿಧಿಯಾಗಿ ಮಾಲಿನ ಜೊತೆ ಹೋಗುವವರಿಗೆ ಇದೆ. ಅವರು ಕ್ಯಾಬಿನ್‌ನಲ್ಲಿ ಕುಳಿತಿರಬೇಕು ಎಂದು ಸುಪ್ರೀಂ ಕೋರ್ಟಿನ ತೀರ್ಪಿದೆ. ಸವಣೂರಿನ ವ್ಯಾಪಾರಿಗಳಂತೆ ತಮ್ಮ ತಮ್ಮ ಮಾಲಿನೊಂದಿಗೆ ಸಂತೆಗೆ ಹೋಗುವವರಿಗೆ ಈ ವ್ಯತ್ಯಾಸ ಬಹಳ ಮುಖ್ಯ. ಮಾಲು ಯಾರದು, ಎಷ್ಟು, ಎಲ್ಲಿ ಕೊಂಡದ್ದು ಎಂಬುದಕ್ಕೆ ಚೀಟಿ ಇದ್ದರೆ ‘ಮಾಲಿನ ಒಡೆಯ’ ಎಂದು ತೋರಿಸಬಹುದು. ಇಲ್ಲದಿದ್ದರೆ ವಿಮಾ ಕಂಪನಿ ಕೈತೊಳೆದುಕೊಂಡು ಹೊಣೆ ಲಾರಿ ಮಾಲೀಕನ ಮೇಲೆ ಮಾತ್ರ ಬೀಳಬಹುದು. ಅವನ ಬಳಿ ಆಸ್ತಿ ಇಲ್ಲದಿದ್ದರೆ ಆದೇಶ ಕಾಗದದಲ್ಲೇ ಉಳಿಯುತ್ತದೆ. ಟ್ರ್ಯಾಕ್ಟರಿನ ಮಡ್‌ಗಾರ್ಡ್ ಮೇಲೆ ಕುಳಿತವರಿಗೂ ಇದೇ ತೊಡಕು. ಚಾಲಕನ ಸೀಟೊಂದೇ ಇರುವ ವಾಹನವದು. ಮದುವೆಗೆ, ಪೂಜೆಗೆ, ಜಾತ್ರೆಗೆ ಜನರನ್ನು ಟ್ರೇಲರಿನಲ್ಲಿ ಕರೆದೊಯ್ಯುವ ಮುನ್ನ ಹಿರಿಯರು ಇದನ್ನು ಯೋಚಿಸಬೇಕು.

ಚಾಲಕನ ಲೈಸೆನ್ಸ್ ಸರಿಯಿಲ್ಲ ಎಂಬಂಥ ಲೋಪಗಳಲ್ಲಿ ಮಾತ್ರ ನೊಂದವರಿಗೆ ಸ್ವಲ್ಪ ಸಮಾಧಾನವಿದೆ. ಮೊದಲು ವಿಮಾ ಕಂಪನಿ ಹಣ ಕೊಡಲಿ, ಆಮೇಲೆ ಮಾಲೀಕನಿಂದ ವಸೂಲು ಮಾಡಿಕೊಳ್ಳಲಿ ಎಂಬ ತತ್ವವನ್ನು ಕರ್ನಾಟಕ ಹೈಕೋರ್ಟಿನ ಪೂರ್ಣಪೀಠ 2020ರಲ್ಲಿ ಎತ್ತಿಹಿಡಿದಿದೆ.

ಪಾದಚಾರಿಗಳು ಮತ್ತು ಮುನಿಗಳ ವಿಹಾರ

ರಸ್ತೆಯಲ್ಲಿ ನಡೆಯುವವರಿಗೆ ಮೇಲಿನ ತೊಡಕುಗಳಿಲ್ಲ. ಗುದ್ದಿದ ವಾಹನಕ್ಕೆ ಅತಿ ಕಡಿಮೆ ದರ್ಜೆಯ ಥರ್ಡ್ ಪಾರ್ಟಿ ವಿಮೆ ಇದ್ದರೂ ಪಾದಚಾರಿ ಅದರ ರಕ್ಷಣೆಯೊಳಗೆ ಬರುತ್ತಾರೆ. ಅವರ ವಿರುದ್ಧ ಬರುವ ವಾದ ಬೇರೆ: ‘ಒಮ್ಮೆಲೇ ಅಡ್ಡ ಬಂದರು’, ‘ಕತ್ತಲಲ್ಲಿ ಕಾಣಲಿಲ್ಲ’. ಇದು ಸಾಬೀತಾದರೆ ಪರಿಹಾರದಲ್ಲಿ ಒಂದು ಪಾಲು ಕಡಿತವಾಗಬಹುದು. ಅದಕ್ಕೇ ಸ್ಥಳ ಪಂಚನಾಮೆಯ ನಕ್ಷೆಯಲ್ಲಿ ಗಾಯಾಳು ರಸ್ತೆಯ ಯಾವ ಅಂಚಿನಲ್ಲಿದ್ದರು ಎಂಬುದು ಸರಿಯಾಗಿ ದಾಖಲಾಗಬೇಕು. ಸಾಕ್ಷಿಗಳು ಸ್ಥಳದಲ್ಲಿದ್ದರೆ ಪೊಲೀಸರಿಗೆ ತಾವೇ ತೋರಿಸಬೇಕು. ಹತ್ತಿರದ ಅಂಗಡಿ, ಪೆಟ್ರೋಲ್ ಬಂಕಿನ ಕ್ಯಾಮೆರಾ ದೃಶ್ಯ ಅಳಿಸಿಹೋಗುವ ಮುನ್ನ ಪೊಲೀಸರ ಗಮನಕ್ಕೆ ತರಬೇಕು.

ಜೈನ ಸಮಾಜಕ್ಕೆ ಇದು ಇನ್ನೂ ಹತ್ತಿರದ ವಿಷಯ. ಚಾತುರ್ಮಾಸ ಮುಗಿದ ಬಳಿಕ ಪೂಜ್ಯ ಮುನಿಗಳು, ಮಾತಾಜಿಯವರು ಬರಿಗಾಲಿನಲ್ಲಿ ವಿಹಾರ ಮಾಡುತ್ತಾರೆ. ಅವರೊಂದಿಗೆ ಕಮಂಡಲು ಹಿಡಿದ ಶ್ರಾವಕರು, ಯುವಕರು, ಸೇವಕರು ನಡೆಯುತ್ತಾರೆ. ವಾಹನಗಳು ವೇಗವಾಗಿ ಓಡುವ ಹೆದ್ದಾರಿಯ ಅಂಚಿನಲ್ಲೇ ಈ ನಡಿಗೆ ಸಾಗಬೇಕಾಗುತ್ತದೆ. ವಿಹಾರದಲ್ಲಿ ಗಾಯಗೊಂಡ ಶ್ರಾವಕರು ಎಲ್ಲ ಪಾದಚಾರಿಗಳಂತೆಯೇ ಪರಿಹಾರಕ್ಕೆ ಹಕ್ಕುದಾರರು. ‘ಧರ್ಮಕಾರ್ಯದಲ್ಲಿ ಆದದ್ದು’ ಎಂದು ಅವರ ಮನೆಯವರು ಸುಮ್ಮನಿರಬೇಕಾಗಿಲ್ಲ. ಸಂಬಳಕ್ಕೆ ಬಂದ ಸೇವಕರ ಬಡ ಕುಟುಂಬವಾದರೆ ಅರ್ಜಿ ಹಾಕಿಸುವುದು ಸ್ಥಳೀಯ ಸಮಾಜದ ಕರ್ತವ್ಯವೇ ಸರಿ.

ಸಂಸಾರ ತೊರೆದವರ ವಿಷಯದಲ್ಲಿ ‘ವಾರಸುದಾರರು ಯಾರು’ ಎಂಬ ಪ್ರಶ್ನೆ ಏಳುತ್ತದೆ. ಮಿಜೋರಾಂನಲ್ಲಿ ಅಪಘಾತಕ್ಕೆ ಬಲಿಯಾದ, ಮನೆ ತೊರೆದು ಧಾರ್ಮಿಕ ಸಂಸ್ಥೆ ಸೇರಿದ್ದ ಕ್ರೈಸ್ತ ಬ್ರದರ್ ಒಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2014ರಲ್ಲಿ ಇದಕ್ಕೆ ಉತ್ತರಿಸಿತು. ‘ಕಾನೂನುಬದ್ಧ ಪ್ರತಿನಿಧಿ’ ಎಂದರೆ ಹೆಂಡತಿ, ಮಕ್ಕಳು ಮಾತ್ರ ಎಂದು ಸಂಕುಚಿತವಾಗಿ ಓದಬಾರದು, ಅವರು ಸೇರಿದ್ದ ಸಂಸ್ಥೆಯೂ ಪರಿಹಾರ ಕೇಳಬಹುದು ಎಂದಿತು. ಆ ಬ್ರದರ್ ದುಡಿದ ಹಣ ಸಂಸ್ಥೆಗೆ ಹೋಗುತ್ತಿತ್ತು ಎಂಬುದು ಅಲ್ಲಿ ಮುಖ್ಯವಾಗಿತ್ತು. ಅಪರಿಗ್ರಹ ವ್ರತದ ಮುನಿಗಳಿಗೆ ಆದಾಯವೇ ಇಲ್ಲದ್ದರಿಂದ ಲೆಕ್ಕ ಅಷ್ಟು ಸರಳವಲ್ಲ. ಹಾಗಿದ್ದರೂ ‘ಸನ್ಯಾಸಿಗೆ ಯಾರೂ ಇಲ್ಲ, ಆದ್ದರಿಂದ ಅರ್ಜಿಯೇ ಇಲ್ಲ’ ಎಂಬ ವಾದಕ್ಕೆ ಈ ತೀರ್ಪು ಬಲವಾದ ಉತ್ತರ. ಅರ್ಜಿ ಹಾಕಬೇಕೇ ಬೇಡವೇ ಎಂಬುದು ಸಂಘ ಮತ್ತು ಸಮಾಜದ ಹಿರಿಯರು ವ್ರತ, ಮರ್ಯಾದೆಗಳನ್ನು ನೋಡಿ ತೀರ್ಮಾನಿಸಬೇಕಾದ ಮಾತು.

ಗುದ್ದಿ ಓಡಿಹೋದ ವಾಹನ

ವಾಹನ ಯಾವುದೆಂದೇ ತಿಳಿಯದಿದ್ದರೂ ದಾರಿ ಇದೆ. 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ಯೋಜನೆಯಲ್ಲಿ ಗುದ್ದಿ ಓಡಿದ ಪ್ರಕರಣಗಳಿಗೆ ಸಾವಾದರೆ 2 ಲಕ್ಷ ರೂಪಾಯಿ, ತೀವ್ರ ಗಾಯವಾದರೆ 50 ಸಾವಿರ ರೂಪಾಯಿ ಸಿಗುತ್ತದೆ. ಮೊದಲು ಇದು 25 ಸಾವಿರ ಮತ್ತು 12,500 ಮಾತ್ರ ಇತ್ತು. ಇದಕ್ಕೆ ನ್ಯಾಯಾಲಯಕ್ಕೆ ಹೋಗಬೇಕಾಗಿಲ್ಲ. ಅರ್ಜಿ ಕೊಡಬೇಕಾದುದು ಕಂದಾಯ ಇಲಾಖೆಯ ವಿಚಾರಣಾಧಿಕಾರಿಗೆ, ಅಂದರೆ ಉಪವಿಭಾಗಾಧಿಕಾರಿ ಅಥವಾ ತಹಶೀಲ್ದಾರರಿಗೆ. ಮಂಜೂರು ಮಾಡುವವರು ಜಿಲ್ಲಾಧಿಕಾರಿ. ಎಫ್‌ಐಆರ್, ಆಸ್ಪತ್ರೆಯ ದಾಖಲೆ, ಗುರುತಿನ ಚೀಟಿ, ಬ್ಯಾಂಕ್ ಪಾಸ್‌ಬುಕ್ ಜೊತೆಗಿರಬೇಕು. ಮುಂದೆ ವಾಹನ ಪತ್ತೆಯಾಗಿ ದೊಡ್ಡ ಪರಿಹಾರ ಬಂದರೆ ಈ ಮೊತ್ತ ಅದರಲ್ಲಿ ಮುರಿದುಕೊಳ್ಳಲಾಗುತ್ತದೆ.

ಲೆಕ್ಕ ಹೇಗೆ ಹಾಕುತ್ತಾರೆ?

ಸಾವಿನ ಪ್ರಕರಣಗಳಲ್ಲಿ ಸುಪ್ರೀಂ ಕೋರ್ಟಿನ ಎರಡು ತೀರ್ಪುಗಳು ಲೆಕ್ಕಕ್ಕೆ ಆಧಾರ: 2009ರ ಸರಳಾ ವರ್ಮಾ ಪ್ರಕರಣ ಮತ್ತು 2017ರ ಪ್ರಣಯ್ ಸೇಠಿ ಪ್ರಕರಣ. ಒಂದು ಉದಾಹರಣೆ ನೋಡಬಹುದು. ಹಿರೇಕೆರೂರಿನಲ್ಲಿ ಅಂಗಡಿ ಇಟ್ಟ, 38 ವರ್ಷದ ಒಬ್ಬ ಗೃಹಸ್ಥರು ತಿಂಗಳಿಗೆ 15,000 ರೂಪಾಯಿ ಗಳಿಸುತ್ತಿದ್ದರು ಎಂದುಕೊಳ್ಳೋಣ. ಮನೆಯಲ್ಲಿ ಹೆಂಡತಿ, ಇಬ್ಬರು ಮಕ್ಕಳು, ತಾಯಿ.

ಸ್ವಂತ ಉದ್ಯೋಗದವರಿಗೆ 40 ವರ್ಷದೊಳಗಿದ್ದರೆ ಮುಂದಿನ ಗಳಿಕೆಗಾಗಿ ಶೇ 40 ಸೇರಿಸಬೇಕು: 15,000ಕ್ಕೆ 6,000 ಸೇರಿ 21,000. ಅವಲಂಬಿತರು ನಾಲ್ಕರಿಂದ ಆರು ಮಂದಿ ಇದ್ದರೆ ಅವರ ಸ್ವಂತ ಖರ್ಚೆಂದು ನಾಲ್ಕನೇ ಒಂದು ಭಾಗ ಕಳೆಯಬೇಕು: ಉಳಿಯುವುದು 15,750. ವರ್ಷಕ್ಕೆ 1,89,000. 36ರಿಂದ 40 ವರ್ಷದವರಿಗೆ ಗುಣಕ 15. ಹಾಗಾಗಿ ಅವಲಂಬನೆಯ ನಷ್ಟ 28,35,000 ರೂಪಾಯಿ. ಇದರ ಮೇಲೆ ಅಂತ್ಯಕ್ರಿಯೆಗೆ 15,000, ಆಸ್ತಿ ನಷ್ಟಕ್ಕೆ 15,000, ಸಂಗಾತಿ, ತಂದೆ ಅಥವಾ ಮಗನನ್ನು ಕಳೆದುಕೊಂಡದ್ದಕ್ಕೆ 40,000 ಎಂದು 2017ರಲ್ಲಿ ನಿಗದಿಯಾದ ಮೊತ್ತಗಳು ಸೇರುತ್ತವೆ. ಇವು ಮೂರು ವರ್ಷಕ್ಕೊಮ್ಮೆ ಶೇ 10 ಏರುತ್ತವೆ. ಒಟ್ಟು ಮೊತ್ತಕ್ಕೆ ಅರ್ಜಿ ಹಾಕಿದ ದಿನದಿಂದ ಬಡ್ಡಿಯೂ ಬರುತ್ತದೆ. ಇಷ್ಟು ತಿಳಿದಿದ್ದರೆ ‘ಐದು ಲಕ್ಷಕ್ಕೆ ಮುಗಿಸಿಕೊಳ್ಳಿ’ ಎಂದು ಬರುವ ಮಧ್ಯಸ್ಥರ ಮಾತಿನ ತೂಕ ತಾನಾಗಿ ಗೊತ್ತಾಗುತ್ತದೆ.

ವಯಸ್ಸು ಏರಿದಂತೆ ಗುಣಕ ಇಳಿಯುತ್ತದೆ. 25 ವರ್ಷದವರೆಗೆ 18, 46ರಿಂದ 50ಕ್ಕೆ 13, 56ರಿಂದ 60ಕ್ಕೆ 9, 65 ದಾಟಿದರೆ 5. ಮದುವೆಯಾಗದವರು ಸತ್ತರೆ ಸ್ವಂತ ಖರ್ಚಿಗೆ ಅರ್ಧ ಕಳೆಯುತ್ತಾರೆ.

ಗೃಹಿಣಿಗೆ ಸಂಬಳವಿಲ್ಲವೆಂದು ಪರಿಹಾರ ಇಲ್ಲವೇ? ಇದೆ. ಮನೆಗೆಲಸಕ್ಕೆ ಬೆಲೆ ಕಟ್ಟಿ ಆದಾಯ ಹಿಡಿಯಬೇಕು, ಅದಕ್ಕೂ ಮುಂದಿನ ಗಳಿಕೆಯ ಪಾಲು ಸೇರಿಸಬಹುದು ಎಂದು ಸುಪ್ರೀಂ ಕೋರ್ಟು 2021ರಲ್ಲಿ ಸ್ಪಷ್ಟವಾಗಿ ಹೇಳಿದೆ.

ಗಾಯದ ಪ್ರಕರಣಗಳಲ್ಲಿ ಚಿಕಿತ್ಸೆಯ ಖರ್ಚು, ನೋವು, ಆಹಾರ ಮತ್ತು ಶುಶ್ರೂಷೆ, ಮಲಗಿದ್ದ ತಿಂಗಳುಗಳ ಗಳಿಕೆ, ಮುಂದಿನ ಶಸ್ತ್ರಚಿಕಿತ್ಸೆ, ಬದುಕಿನ ಸುಖದ ನಷ್ಟ ಎಂದು ಬೇರೆ ಬೇರೆ ಬಾಬ್ತು ಇವೆ. ಶಾಶ್ವತ ಊನವಾದರೆ ಮುಂದಿನ ಗಳಿಕೆಯ ನಷ್ಟವೂ ಸೇರುತ್ತದೆ. ವೈದ್ಯರು ಬರೆದ ಶೇಕಡಾವಾರು ಊನವೇ ಗಳಿಕೆಯ ನಷ್ಟವಲ್ಲ ಎಂಬುದನ್ನು 2010ರ ತೀರ್ಪೊಂದು ಬಿಡಿಸಿ ಹೇಳಿದೆ. ಎಡಗೈ ಕಳೆದುಕೊಂಡ ಚಾಲಕ ಅಥವಾ ಬಡಗಿಯ ಬದುಕು ನಿಂತೇ ಹೋಗಬಹುದು. ಅದೇ ಗಾಯವಾದ ಸರ್ಕಾರಿ ಗುಮಾಸ್ತ ಕೆಲಸದಲ್ಲಿ ಮುಂದುವರಿಯಬಹುದು. ಆದ್ದರಿಂದ ಅವರ ಕಸುಬಿಗೆ ಈ ಗಾಯ ಹೇಗೆ ಅಡ್ಡಿ ಎಂಬುದನ್ನು ಸಾಕ್ಷ್ಯದಲ್ಲಿ ಹೇಳಲೇಬೇಕು. ಚಿಕಿತ್ಸೆ ಕೊಟ್ಟ ವೈದ್ಯರೇ ಬಂದು ನುಡಿದರೆ ಬೆಲೆ ಹೆಚ್ಚು. 38 ವರ್ಷದ, 15,000 ಗಳಿಸುವವರ ಗಳಿಕೆಯ ಶಕ್ತಿ ಶೇ 20 ಕುಗ್ಗಿತೆಂದು ನ್ಯಾಯಮಂಡಳಿ ಒಪ್ಪಿದರೆ ಈ ಒಂದು ಬಾಬ್ತಿಗೇ 5,40,000 ರೂಪಾಯಿ ಆಗುತ್ತದೆ.

ತಪ್ಪು ಯಾರದೆಂದು ತೋರಿಸದೆಯೇ ಪಡೆಯಬಹುದಾದ ನಿಗದಿತ ಮೊತ್ತವೂ ಇದೆ: ಕಾಯ್ದೆಯ 164ನೇ ಕಲಮಿನಡಿ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ ರೂಪಾಯಿ. ಸಾಕ್ಷಿಯೇ ಸಿಗದ ಪ್ರಕರಣಗಳಿಗೆ ಇದು ಆಸರೆ. ಆದರೆ ಈ ಮೊತ್ತವನ್ನು ಒಪ್ಪಿ ಪಡೆದರೆ ಹೆಚ್ಚಿನ ಪರಿಹಾರದ ಅರ್ಜಿ ಅಲ್ಲಿಗೇ ಮುಗಿಯುತ್ತದೆ. ಸಹಿ ಹಾಕುವ ಮುನ್ನ ಮೇಲಿನ ಲೆಕ್ಕವನ್ನು ವಕೀಲರೊಂದಿಗೆ ಕುಳಿತು ಹಾಕಿ ನೋಡಬೇಕು.

ಅರ್ಜಿ ಎಲ್ಲಿ, ಎಷ್ಟು ದಿನದೊಳಗೆ?

ಅಪಘಾತ ನಡೆದ ಜಾಗದ ನ್ಯಾಯಮಂಡಳಿಯಲ್ಲೇ ಅರ್ಜಿ ಹಾಕಬೇಕೆಂದಿಲ್ಲ. ಅರ್ಜಿದಾರರು ವಾಸಿಸುವ ಅಥವಾ ವ್ಯಾಪಾರ ಮಾಡುವ ಊರಿನ ವ್ಯಾಪ್ತಿಯಲ್ಲೂ, ಎದುರುದಾರರು ಇರುವ ಕಡೆಯೂ ಹಾಕಬಹುದು. ಉತ್ತರ ಕನ್ನಡದಲ್ಲಿ ಅಪಘಾತವಾದರೂ ಸವಣೂರಿನ ಕುಟುಂಬ ಹಾವೇರಿ ಜಿಲ್ಲೆಯಲ್ಲೇ ಅರ್ಜಿ ಹಾಕಬಹುದು. ಯಾತ್ರೆಗೆ ಹೊರ ರಾಜ್ಯಕ್ಕೆ ಹೋದವರಿಗೂ ಇದೇ ಅನುಕೂಲ. ರಾಜ್ಯದಲ್ಲಿ ಜಿಲ್ಲಾ ನ್ಯಾಯಾಧೀಶರ ಮತ್ತು ಹಿರಿಯ ಸಿವಿಲ್ ನ್ಯಾಯಾಧೀಶರ ನ್ಯಾಯಾಲಯಗಳು ಈ ಕೆಲಸ ನಿರ್ವಹಿಸುತ್ತವೆ. ತಮ್ಮ ತಾಲ್ಲೂಕಿನ ಅರ್ಜಿ ಎಲ್ಲಿಗೆ ಹೋಗುತ್ತದೆ ಎಂಬುದನ್ನು ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಕೇಳಬಹುದು. ತೀರ್ಪು ಸರಿಯಿಲ್ಲವೆನಿಸಿದರೆ 90 ದಿನಗಳೊಳಗೆ ಹೈಕೋರ್ಟಿನ ಧಾರವಾಡ ಪೀಠಕ್ಕೆ ಮೇಲ್ಮನವಿ ಸಲ್ಲಿಸಬಹುದು.

ಕಾಲಮಿತಿಯನ್ನು ಮಾತ್ರ ಮರೆಯಲೇಬಾರದು. 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಸಲ್ಲಿಸಬೇಕು. ಈ ನಿಯಮ ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನೆಗೊಳಗಾಗಿದೆ. ಅದು ಇತ್ಯರ್ಥವಾಗುವವರೆಗೆ ತಡವಾಯಿತೆಂಬ ಕಾರಣಕ್ಕೆ ಅರ್ಜಿಗಳನ್ನು ವಜಾ ಮಾಡಬಾರದೆಂದು 2025ರ ನವೆಂಬರಿನಲ್ಲಿ ಮಧ್ಯಂತರ ಆದೇಶವೂ ಬಂದಿದೆ. ಹಳೆಯ ಪ್ರಕರಣದವರು ಈ ಆದೇಶ ಹಿಡಿದು ವಕೀಲರನ್ನು ಕೂಡಲೇ ಕಾಣಬೇಕು. ಹೊಸ ಪ್ರಕರಣದವರು ಆರು ತಿಂಗಳೇ ಕೊನೆ ಎಂದುಕೊಂಡು ನಡೆಯಬೇಕು.

ಪೊಲೀಸರಿಗೂ ಗಡುವು ಇದೆ. 48 ಗಂಟೆಗಳೊಳಗೆ ಮೊದಲ ಅಪಘಾತ ವರದಿಯನ್ನು, 90 ದಿನಗಳೊಳಗೆ ವಿವರವಾದ ವರದಿಯನ್ನು ನ್ಯಾಯಮಂಡಳಿಗೆ ಕಳಿಸಬೇಕು. ಈ ವರದಿಯನ್ನೇ ಅರ್ಜಿಯೆಂದು ಪರಿಗಣಿಸಲು ಕಾಯ್ದೆಯಲ್ಲಿ ಅವಕಾಶವಿದೆ. ಆದರೂ ಅದನ್ನೇ ನೆಚ್ಚಿ ಕೂರದೆ ಸ್ವಂತ ಅರ್ಜಿ ಹಾಕುವುದು ಕ್ಷೇಮ.

ಮುಖ್ಯಮಂತ್ರಿ, ಪ್ರಧಾನಮಂತ್ರಿಗಳ ನಿಧಿಯಿಂದ ಘೋಷಣೆಯಾಗುವ ನೆರವು ಬೇರೆ, ನ್ಯಾಯಮಂಡಳಿಯ ಪರಿಹಾರ ಬೇರೆ. ಒಂದು ಬಂತೆಂದು ಇನ್ನೊಂದನ್ನು ಬಿಡಬೇಕಾಗಿಲ್ಲ. ಎಲ್ಐಸಿಯಂಥ ಜೀವ ವಿಮೆಯ ಹಣವನ್ನೂ ಪರಿಹಾರದಿಂದ ಕಳೆಯುವಂತಿಲ್ಲ.

ವಕೀಲರ ಶುಲ್ಕ ಕೊಡಲಾಗದವರಿಗೆ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ. ಮಹಿಳೆಯರಿಗೆ, ಮಕ್ಕಳಿಗೆ ಮತ್ತು ಅಂಗವಿಕಲರಿಗೆ ಇದಕ್ಕೆ ಆದಾಯದ ಮಿತಿಯೂ ಇಲ್ಲ. ಗಂಡನನ್ನು ಕಳೆದುಕೊಂಡ ಹೆಣ್ಣುಮಗಳು ಯಾವ ಆದಾಯ ಪ್ರಮಾಣಪತ್ರವಿಲ್ಲದೆ ಈ ನೆರವು ಕೇಳಬಹುದು.

ರಾಜಿ ಮಾಡಿಕೊಳ್ಳಬಾರದೇ?

ಮಾಡಿಕೊಳ್ಳಬಹುದು, ಆದರೆ ಸರಿಯಾದ ಜಾಗದಲ್ಲಿ. ಪೊಲೀಸ್ ಠಾಣೆಯ ಹೊರಗೆ, ಆಸ್ಪತ್ರೆಯ ಮೆಟ್ಟಿಲ ಮೇಲೆ, ಬಿಳಿ ಹಾಳೆಗೆ ಸಹಿ ಹಾಕಿಸಿಕೊಂಡು ಕೈಗೆ ಐವತ್ತು ಸಾವಿರ ಕೊಡುವುದು ರಾಜಿಯಲ್ಲ. ದೂರು ಕೊಡದೆ ಹೀಗೆ ಮುಗಿಸಿಕೊಂಡವರಿಗೆ ಎರಡು ತಿಂಗಳ ಬಳಿಕ ಮತ್ತೊಂದು ಆಪರೇಷನ್ ಬೇಕೆಂದಾಗ ಕೇಳಲು ಯಾರೂ ಇರುವುದಿಲ್ಲ. ಅರ್ಜಿ ಹಾಕಿದ ಮೇಲೆ ಲೋಕ ಅದಾಲತ್ತಿನಲ್ಲಿ ವಿಮಾ ಕಂಪನಿಯೊಂದಿಗೆ ಮಾತಾಡಿ ಮುಗಿಸಿಕೊಳ್ಳುವುದು ಒಳ್ಳೆಯ ದಾರಿ. ಹಣ ಬೇಗ ಬರುತ್ತದೆ, ಅಲ್ಲಿನ ಆದೇಶಕ್ಕೆ ನ್ಯಾಯಾಲಯದ ತೀರ್ಪಿನ ಬಲವಿದೆ. ಅದರ ಮೇಲೆ ಮೇಲ್ಮನವಿ ಇಲ್ಲದ್ದರಿಂದ ಮೊತ್ತ ಒಪ್ಪುವ ಮುನ್ನ ಲೆಕ್ಕ ಕೈಯಲ್ಲಿರಬೇಕು. ವಿಧವೆಯ, ಮಕ್ಕಳ ಪಾಲಿನ ಒಂದಂಶವನ್ನು ನ್ಯಾಯಮಂಡಳಿ ಬ್ಯಾಂಕಿನಲ್ಲಿ ಠೇವಣಿ ಇಡಿಸುತ್ತದೆ. ಅದು ತೊಂದರೆಯಲ್ಲ, ಬಂದ ಹಣ ಬೇರೆಯವರ ಕೈಸೇರದಂತೆ ಕಾಯುವ ಬೇಲಿ.

ಪ್ರತಿ ಊರಿನ ಬಸದಿ ಸಮಿತಿ, ಮಹಿಳಾ ಸಮಾಜ, ಯುವಕ ಮಂಡಳಿಗಳು ಇಲ್ಲಿ ಮಾಡಬಹುದಾದ ಕೆಲಸ ದೊಡ್ಡದೇನಲ್ಲ. ಅಪಘಾತವಾದ ಮನೆಗೆ ಸಾಂತ್ವನ ಹೇಳಲು ಹೋದವರಲ್ಲಿ ಒಬ್ಬರು ಕಾಗದಗಳನ್ನು ಒಂದು ಕಡತದಲ್ಲಿ ಜೋಡಿಸಿ, ಆರು ತಿಂಗಳ ದಿನಾಂಕವನ್ನು ಅದರ ಮೇಲೆ ಬರೆದು, ಕಾನೂನು ಸೇವಾ ಸಮಿತಿಯವರೆಗೆ ಜೊತೆಗೆ ಹೋಗಿಬಂದರೆ ಸಾಕು. ದುಃಖದಲ್ಲಿರುವವರಿಗೆ ತಮ್ಮಿಂದ ಮಾಡಲಾಗದ ಕೆಲಸ ಇದೊಂದೇ. ಯಾತ್ರೆಗೆ ವಾಹನ ಗೊತ್ತುಮಾಡುವಾಗ ವಿಮೆಯ ಪ್ರತಿಯನ್ನು ಮೊಬೈಲಿನಲ್ಲಿ ತರಿಸಿಕೊಂಡು ನೋಡುವ ರೂಢಿಯನ್ನೂ ಸಮಿತಿಗಳು ಇಂದೇ ಆರಂಭಿಸಬಹುದು.

ಚಾಲಕನನ್ನು ಕ್ಷಮಿಸುವುದು ನೊಂದವರ ಮನಸ್ಸಿಗೆ ಬಿಟ್ಟದ್ದು, ಅದಕ್ಕೆ ಯಾವ ಗಡುವೂ ಇಲ್ಲ. ಮಕ್ಕಳ ಹಕ್ಕಿನ ಪರಿಹಾರಕ್ಕೆ ಗಡುವು ಇದೆ.